ಸೊಲ್ಲಾಪುರಕ್ಕ ಹೋದಾಕಿ

ಕಮಲಾಪುರ
6 ಅಕ್ಟೋಬರ್ 2023

ಖುರ್ಷೀದ್ ಆಪಾಗ ಚಂದಮ್ಮನ ಶರಣಾರ್ಥಿ.

ಫೋನಿನಾಗ ನಿಮಗ ಕೇಳ್ಸೂದಿಲ್ಲ, ನನ್ನ ಗುಂಡಿ ಫೋನಿನಾಗ ನನಗ ಬರಿಯಾಕ ಬರೂದಿಲ್ಲ. ಹಿಂಗಾಗಿ ನಮ್ಮಿಬ್ಬರಿಗೂ ಕಾಗದಾನೇ ಗತಿ. ತಾಜಸುಲ್ತಾನಪುರದಾಗ ಅಷ್ಟು ವರ್ಷ ಒಂದೇ ಮನಿಯಾಗ ಇದ್ವಿ. ನೀವು ಸಾಲಿಗೆ, ನಾ ದವಾಖಾನಿಗೆ. ಸಂಜಿಗೆ ಬಂದು ಕುಂತ್ರ ಮಾತು ಮುಗೀತಿದ್ದಿಲ್ಲ. ಈಗ ಎಲ್ಲಾ ಒಂದು ಹಾಳ್ಯಾಗ ಹಿಡಿಸಬೇಕು.

ಹುಟ್ಟಿದ ಊರಾಗ ಬಂದು ಇರಬೇಕಂತ ನನಗ ಭಾಳ ದಿನದಿಂದ ಇತ್ತು. ಶಿವಲಿಂಗ ಅಂತ ಇಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಾನ. ಅವನ ಮನಿ ಮುಂದಿನ ಎರಡು ಕೋಲಿ ನನಗ ಬಾಡಿಗಿ ಕೊಟ್ಟಾನ. ಹಿಂದಿನ ಭಾಗದಾಗ ಅವರು ಇರ್ತಾರ. ಅವನ ಹೆಣ್ತಿ ಮಲ್ಲಿಕಾ ಒಳ್ಳೆ ಹೆಣ್ಮಗಳು. ರೊಟ್ಟಿ ಬಡದ್ರ ನನಗೊಂದು ಕೊಟ್ಟೇ ಉಣ್ಣಾಕ ಕೂಡ್ತಾಳ. ಮಗಳು ಅಂಬಿಕಾ ಡಿಗ್ರಿ ಮುಗಿಸ್ಯಾಳ, ವರ ನೋಡಾಕತ್ತಾರ. ತ್ವಾಟದ ಕೆಂಪು ಬಾಳಿಹಣ್ಣು ದಿನಾ ಬಾಗಲಿಗೆ ಬರ್ತಾವ. ಏನೂ ಕಡಿಮಿ ಇಲ್ಲ.

ಒಂದು ಸಣ್ಣ ಮಾತು ಅದ, ನಗಬ್ಯಾಡ್ರಿ. ಮಧ್ಯಾಹ್ನ ಊಟ ಆದ ಮ್ಯಾಲ ನಾ ಪೇಪರ್ ಜೋರಾಗಿ ಓದ್ತೀನಿ. ನಿಮ್ಮ ಕೂಡ ಇದ್ದಾಗಿನ ರೂಢಿ ಅದು. ಹೋದ ವಾರದಿಂದ, ನಾ ಒಂದೊಂದು ಸಾಲು ಮುಗಿಸಿದಾಗ, ಹಿಂದಿನ ಗ್ವಾಡಿ ಕಡಿಂದ "ಹೂಂ" ಅಂತ ದನಿ ಬರ್ತದ. ಕಥಿ ಕೇಳೋರು ಹೂಂಗುಡ್ತಾರಲ್ಲ, ಹಾಂಗ. ನಾ ನಿಲ್ಲಿಸಿದ್ರ ಅದೂ ನಿಲ್ತದ. ಮತ್ತ ಶುರು ಮಾಡಿದ್ರ, "ಹೂಂ."

ಮಂಡಿ ನೋವು ಹೆಂಗದ? ಎಣ್ಣಿ ಹಚ್ಚಾಕ ಸನೋಬರಗ ಹೇಳ್ರಿ. ಸೊಸಿ ಅಂತ ಸಂಕೋಚ ಮಾಡಬ್ಯಾಡ್ರಿ.

ನಿಮ್ಮ ಚಂದಮ್ಮ


ಗಾಜಿಪುರ, ಕಲಬುರಗಿ
14 ಅಕ್ಟೋಬರ್ 2023

ಚಂದಮ್ಮ,

ನಿನ್ನ ಕಾಗದ ಸನೋಬರ್ ಕೈಗೆ ಸಿಕ್ಕಿತು, ನನಗಿಂತ ಮೊದಲು ಆಕೆಯೇ ಓದಿ ನಕ್ಕಳು. ನಾನು ನಗಲಿಲ್ಲ. ಇಪ್ಪತ್ತು ವರ್ಷ ನೀನು ನನಗೆ ಪೇಪರ್ ಓದಿ ಹೇಳಿದಿ. ಕಿವಿ ಪೂರಾ ಹೋಗೋ ತನಕ ನಾನೇ ಹೂಂ ಅಂತಿದ್ದೆ. ಈಗ ಒಬ್ಬಾಕೆ ಓದ್ತಿ. ಮನಸ್ಸು ಅದೇ ಹೂಂ ಹುಡುಕ್ತದ, ಬ್ಯಾರೆ ಏನಿಲ್ಲ. ಇಲ್ಲಾಂದ್ರ ಹೆಗ್ಗಣ. ಹಳೇ ಗ್ವಾಡಿಯೊಳಗ ಹೆಗ್ಗಣ ಓಡಾಡಿದ್ರ ಮನುಷ್ಯರು ನರಳಿದಂಗ ಕೇಳ್ತದ ಅಂತ ನಮ್ಮ ಅಬ್ಬಾ ಹೇಳ್ತಿದ್ರು.

ಮಂಡಿ ಆಪರೇಶನ್ ಆದ ಮ್ಯಾಲ ಮೆಟ್ಟಲು ಇಳಿಯೋದು ಬಂದ್ ಆಗ್ಯಾದ. ಮಗ ಜಾವೀದ್ ನೌಕರಿ ಮ್ಯಾಲ ಬೀದರಿನಾಗ ಇರ್ತಾನ, ಇಲ್ಲಿ ನಾನು ಮತ್ತ ಸೊಸಿ. ನಮ್ಮ ಓಣಿ, ನಮ್ಮ ಕಿಡಕಿ, ನನ್ನ ಚಹಾ. ಆರಾಮ ಇದೀನಿ.

ಹೆಗ್ಗಣಕ್ಕ ಒಂದು ಬೋನು ತರಿಸು.

ಖುರ್ಷೀದ್


ಕಮಲಾಪುರ
9 ನವೆಂಬರ್ 2023

ಆಪಾ,

ಬೋನು ತರಿಸಿದ್ದೆ. ಅದರಾಗ ಇಟ್ಟ ರೊಟ್ಟಿ ತುಂಡು ಒಣಗಿ ಹೋತು, ಏನೂ ಬೀಳಲಿಲ್ಲ. ಹೆಗ್ಗಣ ಪೇಪರ್ ಕೇಳೂದಿಲ್ರಿ.

ಮಲ್ಲಿಕಾಗ ಕೇಳ್ದೆ. "ಆ ಗ್ವಾಡಿ ಹಿಂದ ಏನದ ತಂಗಿ?" ಆಕಿ ಹಿಟ್ಟು ನಾದಾಕತ್ತಿದ್ಲು, ಕೈ ನಿಂತ್ವು. "ನಮ್ಮತ್ತಿ ಬಂಡೆಮ್ಮನ ಕೋಲಿ ಇತ್ತು ಅದು. ಅವರು ಸೊಲ್ಲಾಪುರಕ್ಕ ತಂಗಿ ಮನಿಗೆ ಹೋಗ್ಯಾರ್ರಿ. ಈಗ ಅಲ್ಲಿ ಗೊಬ್ಬರದ ಚೀಲ ಒಟ್ಟೀವಿ. ಯಾರೂ ಇಲ್ಲ" ಅಂದ್ಲು.

ಎದುರು ಮನಿ ಕುಲ್ಸುಮ್ ಬ್ಯಾರೆ ಹೇಳಿದ್ಲು. "ಬಂಡೆಮ್ಮನ್ನ ನೋಡಿ ಎರಡು ಮಳಿಗಾಲ ಆತು. ಸೊಲ್ಲಾಪುರದಾಗ ತೀರಿಕೊಂಡ್ರು ಅಂತ ಕೆಲವರು ಅಂತಾರ, ಇಲ್ಲ ಅಂತ ಕೆಲವರು. ನನ್ನ ಮಕ್ಕಳು ಮಧ್ಯಾಹ್ನ ಆ ಹಿತ್ತಲ ಕಡಿ ಆಡಾಕ ಹೋಗೂದಿಲ್ಲ ಚಂದಮ್ಮ, ನಾನೂ ಕಳಸೂದಿಲ್ಲ" ಅಂದ್ಲು.

ಈಗ ನಿನ್ನೆ ಮೊನ್ನಿ ಆದದ್ದು ಕೇಳ್ರಿ. ಐತವಾರ ಅಂಬಿಕಾನ್ನ ನೋಡಾಕ ಹುಮನಾಬಾದದಿಂದ ಗಂಡಿನವರು ಬಂದಿದ್ರು. ಭಜಿ ಕರಿಯಾಕ ನನ್ನೂ ಕರದಿದ್ಲು ಮಲ್ಲಿಕಾ. ಪಡಸಾಲಿ ಗ್ವಾಡಿಗೆ ಬಂಡೆಮ್ಮನ ದೊಡ್ಡ ಫೋಟೋ ಹಾಕಿದ್ರು. ಅದಕ್ಕ ಗಂಧದ ಮಾಲಿ, ಹಣಿ ಮ್ಯಾಲ ಕುಂಕುಮದ ಬೊಟ್ಟು, ಮುಂದ ಊದಿನಕಡ್ಡಿ. ಗಂಡಿನ ತಾಯಿ "ಯಾವಾಗ ತೀರಿಕೊಂಡ್ರು?" ಅಂದ್ರ ಶಿವಲಿಂಗ ತಲಿ ತಗ್ಗಿಸಿ "ಹೋದ ವರ್ಷ" ಅಂದ. ಆವತ್ತು ಹಿಂದಿನ ಗ್ವಾಡಿ ಕಡಿಂದ ಒಂದು ಉಸುರೂ ಇಲ್ಲ.

ಮರುದಿನ ಎಣ್ಣಿ ಡಬ್ಬಿ ವಾಪಸ್ ಕೊಡಾಕ ಹೋದೆ. ಫೋಟೋ ಇತ್ತು, ಮಾಲಿ ಇರಲಿಲ್ಲ. ಬೊಟ್ಟು ಒರಸಿದ್ರು. ಕಾಜಿನ ಮ್ಯಾಲ ಬೆರಳಿನ ಕೆಂಪು ಗೀರು ಮಾತ್ರ ಉಳದಿತ್ತು.

ಸತ್ತಾಕಿ ಮಾಲಿ ಯಾರಾದ್ರೂ ತಗೀತಾರೇನು ಆಪಾ? ನನಗ ಅನಸ್ತದ, ಆ ಮುದುಕಿ ಅಲ್ಲೆಲ್ಲೋ ಪರದೇಶದಾಗ ಹೆಂಗೋ ಸತ್ತಾಳ, ಮಾಡಬೇಕಾದದ್ದು ಸರಿಯಾಗಿ ಮಾಡಿಲ್ಲ, ಅದಕ್ಕ ತನ್ನ ಕೋಲಿಗೆ ಬಂದು ಕುಂತಾಳ. ಇಷ್ಟು ಹೆಣ ನೋಡಿದ ನರ್ಸ್ ಹಿಂಗ ಬರಿಯೋದು ನಾಚಿಗಿ. ಆದ್ರ ಇವತ್ತ ಮಧ್ಯಾಹ್ನ ನಾ ಓದೋದು ಬಿಟ್ಟು ಸುಮ್ಮನ ಕುಂತಿದ್ದೆ. ಸ್ವಲ್ಪ ಹೊತ್ತಿಗೆ ಆಚಿಂದ ದನಿ ಬಂತು. "ಓದು" ಅಂತು.

ಚಂದಮ್ಮ


ಗಾಜಿಪುರ, ಕಲಬುರಗಿ
17 ನವೆಂಬರ್ 2023

ಚಂದಮ್ಮ, ನನ್ನ ತಂಗಿ,

ನಿನ್ನ ಕಾಗದ ಮೂರು ಸಲ ಓದಿದೆ. ಸಿಟ್ಟಾಗಬ್ಯಾಡ, ನಾನು ನಿನ್ನ ಹಿರಿಯಾಕಿ, ಅದಕ್ಕ ಬರೀತೀನಿ.

ನಮ್ಮ ಫುಪ್ಪು, ಅಬ್ಬಾನ ತಂಗಿ ಮರಿಯಮ್, ನಿನಗ ಗೊತ್ತು. ಆಕಿಗೂ ಮೊದಲು ಹಿಂಗೇ ಶುರುವಾಗಿತ್ತು. ಬಾವಿಯೊಳಗಿಂದ ಯಾರೋ ಹೆಸರು ಹಿಡಿದು ಕರೀತಾರ ಅಂತಿದ್ಲು. ನಾವು ನಕ್ಕು ಬಿಟ್ವಿ. ಆಮ್ಯಾಲ ಮಕ್ಕಳ ಮುಖ ಮರೆತಳು. ಆಗ ಡಾಕ್ಟರ್ "ಮೊದಲೇ ಯಾಕ ಕರಕೊಂಡು ಬರಲಿಲ್ಲ" ಅಂದ್ರು. ನಿನ್ನ ವಿಷಯದಾಗ ಹಾಂಗಾಗಬಾರದು. ಒಬ್ಬಾಕೆ ಇರ್ತಿ, ವಯಸ್ಸಾತು, ಯಾರ ಜೋಡಿನೂ ಮಾತಿಲ್ಲ. ಇಲ್ಲಿಗೆ ಬಾ, ಒಳ್ಳೆ ಡಾಕ್ಟರಿಗೆ ತೋರಿಸೋಣ.

ನಿನ್ನ ಮೊದಲಿನ ಕಾಗದದ ಹಿಂದ ಮನಿ ಮಾಲಕರ ನಂಬರ್ ಬರದಿದ್ದಿ. ಸನೋಬರ್ ಕೈಲೆ ಅವರಿಗೆ ಫೋನ್ ಮಾಡಿಸಿದೆ. ನಮ್ಮ ಚಂದಮ್ಮಗ ಗ್ವಾಡಿ ಹಿಂದ ದನಿ ಕೇಳ್ತದಂತ, ಸ್ವಲ್ಪ ನಿಗಾ ಇಡ್ರಿ ಅಂತ ಹೇಳಿಸಿದೆ. ಶಿವಲಿಂಗ ಭಾಳ ಅದಬಿನ, ಮರ್ಯಾದಿ ಮನುಷ್ಯ. "ಚಿಂತಿ ಮಾಡಬ್ಯಾಡ್ರಿ, ನಾವು ನೋಡ್ಕೊಂತೀವಿ" ಅಂದನಂತ. ಕೇಳಿ ನನಗ ಸಮಾಧಾನ ಆತು.

ಉತ್ತರ ಬರಿ.

ಖುರ್ಷೀದ್


ಕಮಲಾಪುರ
1 ಡಿಸೆಂಬರ್ 2023

ಆಪಾ,

ನೀವು ಫೋನ್ ಮಾಡಿಸಬಾರದಿತ್ತು.

ಆ ಸಂಜಿನೇ ಶಿವಲಿಂಗ ಬಂದು "ಸಿಸ್ಟರ್, ನಿಮಗ ತಬ್ಬೇತ್ ಸರಿ ಇಲ್ಲಂತ" ಅಂದ. ನಕ್ಕೋತನೇ ಅಂದ. ಈಗ ಓಣ್ಯಾಗ ಎಲ್ಲರೂ ನನ್ನ ಕೂಡ ನಿಧಾನಕ್ಕ, ದೊಡ್ಡ ದನಿಲೆ ಮಾತಾಡ್ತಾರ. ಅಂಗಡ್ಯಾಗ ಸಕ್ಕರಿ ಕೇಳಿದ್ರ "ಸಕ್ಕರಿನೇ ಬೇಕೇನಮ್ಮ?" ಅಂತ ಎರಡು ಸಲ ಕೇಳ್ತಾರ. ಮಲ್ಲಿಕಾ ರೊಟ್ಟಿ ಕೊಡ್ತಾಳ, ಆದ್ರ ಹೊಸ್ತಿಲ ಹೊರಗ ನಿಂತು, ಮುಖ ನೋಡದೇ.

ಮರುದಿನ ಗ್ವಾಡಿ ಆಚಿ ಏನೋ ಎಳದಾಡೋ ಸಪ್ಪಳ ಆತು. ಚೀಲ ಜಗ್ಗಿದಂಗ. ಆಮ್ಯಾಲ ದನಿ ನಿಂತು ಹೋತು. ದಿನಾ ಓದ್ತೀನಿ, ನಿಲ್ತೀನಿ, ಕಿವಿ ಕೊಡ್ತೀನಿ. ಏನೂ ಇಲ್ಲ.

ಹೆದರಿಕಿ ಹೋಗಬೇಕಿತ್ತು. ಹೋಗಿಲ್ಲ. ನೀವು ಬರದದ್ದೇ ಖರೇ ಏನೋ ಅಂತ ಈಗ ನನಗೇ ಅನಸಾಕತ್ತದ. ಕನ್ನಡಿ ಮುಂದ ನಿಂತು ನನ್ನ ಹೆಸರು, ನನ್ನ ಊರು, ನಾ ಹೆರಿಗಿ ಮಾಡಿಸಿದ ಮಕ್ಕಳ ಹೆಸರು ಹೇಳಿ ನೋಡ್ಕೊಂತೀನಿ.

ಇನ್ನ ಯಾರಿಗೂ ಏನೂ ಹೇಳಸಬ್ಯಾಡ್ರಿ.

ಚಂದಮ್ಮ


ಗಾಜಿಪುರ, ಕಲಬುರಗಿ
12 ಡಿಸೆಂಬರ್ 2023

ಚಂದಮ್ಮ,

ದನಿ ನಿಂತದ್ದು ಒಳ್ಳೇದಾತು. ಔಷಧ ಇಲ್ಲದೇ ನಿಂತಿದ್ರ ಇನ್ನೂ ಒಳ್ಳೇದು. ನಿನ್ನ ಸಿಟ್ಟು ನನಗ ತಿಳೀತದ. ಚಳಿ ಭಾಳ ಅದ, ಶಾಲು ಹೊದ್ದುಕೋ. ಸಬಾನ ಮದುವಿ ಫೆಬ್ರುವರಿಗೆ ಗೊತ್ತಾಗ್ಯಾದ, ಸನೋಬರ್ ತಂಗಿ. ನೀನು ಬರಲೇಬೇಕು.

ಖುರ್ಷೀದ್


ಗಾಜಿಪುರ, ಕಲಬುರಗಿ
2 ಜನವರಿ 2024

ಚಂದಮ್ಮ,

ನಿನ್ನಿಂದ ಕಾಗದ ಇಲ್ಲ. ಸನೋಬರ್ ಕೈಲೆ ನಿನ್ನ ನಂಬರಿಗೆ ಮಾಡಿಸಿದೆ, ನೀನು ಎತ್ತಿ "ಆರಾಮದೀನಿ" ಅಂದು ಇಟ್ಟಿಯಂತ. ನನ್ನ ಮುಖಕ್ಕ ಬಾಗಲಾ ಹಾಕಿದಂಗಾತು.

ನಾನು ಮಾಡಿದ್ದು ತಪ್ಪಿದ್ದರ ಹೇಳು. ಹೇಳದೇ ಇರಬ್ಯಾಡ. ಕಿವಿ ಇಲ್ಲದಾಕಿಗೆ ಮಂದಿ ಸುಮ್ಮನಾದ್ರ ಅವರು ಇಲ್ಲೇ ಇಲ್ಲ ಅಂದಂಗ.

ಖುರ್ಷೀದ್


ಕಮಲಾಪುರ
12 ಜನವರಿ 2024

ಆಪಾ,

ಇದನ್ನ ಪೋಸ್ಟಿಗೆ ಹಾಕಾಂಗಿಲ್ಲ. ಕುಲ್ಸುಮಳ ತಮ್ಮ ತಾರಿಖ್ ಕಲಬುರಗಿಗೆ ಟೆಂಪೋ ಹೊಡೀತಾನ, ಅವನ ಕೈಯಾಗ ಕಳಸಾಕತ್ತೀನಿ. ಸನೋಬರ್ ಮುಂದ ಕೂಡಿಸ್ಕೊಂಡು ಓದ್ರಿ.

ನಿನ್ನೆ ಎಳ್ಳಮಾಸಿ. ಊರಿಗೆ ಊರೇ ಹೊಲಕ್ಕ ಹೋಗಿತ್ತು. ಮಲ್ಲಿಕಾ ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಕಟಗೊಂಡು, ಗಂಡ ಮಗಳ ಕೂಡ ನಸುಕಿನಾಗೇ ಹೋದ್ಲು. ನನ್ನೂ ಕರದಳು. ಕಾಲು ನೋಯ್ತಾವ ಅಂತ ನಾ ಉಳದೆ. ಸೂರ್ಯಾ ನೆತ್ತಿಗೆ ಬಂದಾಗ ಓಣ್ಯಾಗ ಒಂದು ನಾಯಿನೂ ಇರಲಿಲ್ಲ. ಅಷ್ಟು ಬೆಳಕಿನಾಗ ಅಷ್ಟು ಸುಮ್ಮನಿರೋ ಊರು ನಾ ನೋಡೇ ಇಲ್ಲ.

ಪೇಪರ್ ತಗದು ಜೋರಾಗಿ ಓದಿದೆ. ಒಂದು ಸಾಲು. ಎರಡು ಸಾಲು. ಊರ ಸಪ್ಪಳ ಇಲ್ಲದ್ದಕ್ಕ ದೂರಿನ ದನಿನೂ ಕೇಳಿಸ್ತು.

"ಹೂಂ."

ಹಿಂದಿನ ಗ್ವಾಡ್ಯಾಗ ಒಂದು ಮಾಡ ಅದ, ಮೊದಲು ದೀಪ ಇಡ್ತಿದ್ದ ಜಾಗ. ಅದರ ಹಿಂಬದಿಗೆ ಹಲಗಿ ಬಡದಾರ. ಡಬ್ಬಿ ಸರಿಸಿ, ಸೌಟಿನ ತುದಿಲೆ ಹಲಗಿ ಸ್ವಲ್ಪ ಮೀಟಿದೆ. ಬೆರಳು ಹಿಡಿಯೋವಷ್ಟು ಸಂದಿ ಆತು. ಆ ಸಂದಿಯಿಂದ ಮೊದಲು ಬಂದದ್ದು ದನಿ ಅಲ್ಲ ಆಪಾ, ವಾಸನಿ. ನಿಮಗ ಹೆಂಗ ಹೇಳಲಿ. ಗೊಬ್ಬರದ್ದಲ್ಲ, ಇಲಿ ಸತ್ತದ್ದಲ್ಲ. ಭಾಳ ದಿನ ಮಲಗಿದಲ್ಲೇ ಮಲಗಿದವರ ಬೆನ್ನಿನ ಹುಣ್ಣಿನ ವಾಸನಿ ಅದು. ವಾರ್ಡಿನಾಗ ಎಷ್ಟು ಸಲ ತೊಳದೀನಿ ನಾ. ದೆವ್ವಕ್ಕ ಹುಣ್ಣಾಗೂದಿಲ್ಲ.

"ಯಾರದೀರಿ ಒಳಗ?" ಅಂದೆ.

ಆಮ್ಯಾಲ, "ನೀನೇ ಏನು ದಿನಾ ಓದಾಕಿ?"

"ಹೌದು, ನಾನೇ."

"ನೀ ಸತ್ತು ಭಾಳ ದಿನ ಆತೇನವ್ವಾ?"

"ನಾ ಸತ್ತಿಲ್ಲ. ಈ ಮನ್ಯಾಗೇ ಅದೀನಿ."

"ಸುಳ್ಳು ಹೇಳಬ್ಯಾಡ. ಆ ಗ್ವಾಡಿ ಆಚಿ ಯಾರೂ ಇಲ್ಲ ಅಂತ ಮಲ್ಲಿಕಾ ಹೇಳ್ಯಾಳ. ಯಾರೂ ಇಲ್ಲದ ಕಡಿಂದ ದನಿ ಬಂದ್ರ ಅದು ಸತ್ತವರದು. ನನಗೇನು ಹೆದರಿಕಿ ಇಲ್ಲ. ನೀ ಓದು."

ನನಗೂ ಹಂಗೇ ಹೇಳಿದ್ಲಲ್ಲ ಆಪಾ. ಯಾರೂ ಇಲ್ಲ ಅಂತ. ಇಬ್ಬರು ಮುದುಕೇರು ಒಂದು ಗ್ವಾಡಿ ಆಕಡಿ ಈಕಡಿ ಕುಂತು, ಇಷ್ಟು ದಿನ ಒಬ್ಬರನ್ನೊಬ್ಬರು ದೆವ್ವ ಅಂದ್ಕೊಂಡಿದ್ವಿ.

ಹೆಸರು ಕೇಳ್ದೆ. ನೆನಸಾಕ ಹೊತ್ತು ಹಿಡೀತು. "ಬಂಡೆಮ್ಮ ಅಂತಿದ್ರು" ಅಂದ್ಲು.

"ನೀವು ಸೊಲ್ಲಾಪುರಕ್ಕ ಹೋಗೀರಿ ಅಂದ್ರಲ್ಲ?"

"ಮತ್ತ? ಇದು ಸೊಲ್ಲಾಪುರ ಅಲ್ಲೇನು?"

ನೀರು ಕೇಳಿದ್ಲು. ಸಂದಿಯಾಗ ಅರವಿ ತುದಿ ತೋಯ್ಸಿ ತೂರಿಸಿದೆ. ಆಕಿ ಏಳಾಕ ಬರೂದಿಲ್ಲಂತ, ಕಾಲು ಕಟ್ಯಾರಂತ. ಅರವಿ ಹಾಂಗೇ ಜೋತು ಬಿತ್ತು. ಹನಿ ಬೀಳೋದು ಮಾತ್ರ ಕೇಳಿಸ್ತಿತ್ತು.

ದೀಪಾವಳಿಯಾಗ ಮಲ್ಲಿಕಾ ನನ್ನ ಕೇಳಿದ್ಲು, "ಮಲಗಿದವರಿಗೆ ಬೆನ್ನಿಗೆ ಹುಣ್ಣಾದ್ರ ಏನು ಹಚ್ಚಬೇಕ್ರಿ ಸಿಸ್ಟರ್, ನಮ್ಮ ತವರಮನಿ ದೊಡ್ಡಮ್ಮಗ ಆಗ್ಯಾದ" ಅಂತ. ಮುಲಾಮಿನ ಹೆಸರು ಬರದು ಕೊಟ್ಟಿದ್ದೆ, ಮಗ್ಗಲಾ ಬದಲಸ್ರಿ ಅಂತ ಹೇಳಿದ್ದೆ. ನನ್ನ ಮೂಗಿನ ಮುಂದೇ ಇತ್ತು. ಮಲ್ಲಿಕಾ ಕೆಟ್ಟಾಕಿ ಅಲ್ಲ ಅಂತ ಈಗಲೂ ನನ್ನ ಮನಸ್ಸು ಹೇಳ್ತದ, ಅದೇ ನನಗ ತಡಿಯಾಕ ಆಗವಲ್ದು. ಅಂಬಿಕಾನ ಮದುವಿ ಗಟ್ಟಿ ಆಗ್ಯಾದ. ಬಾಯಿ ಬಿಟ್ರ ಆ ಹುಡುಗಿ ಗತಿ ಏನು? ಬಿಟ್ಟೇ ಬಿಡ್ತೀನಿ ಅಂದ್ರೂ ಯಾರು ನಂಬ್ತಾರ? ನನಗ ತಲಿ ಕೆಟ್ಟದ ಅಂತ ಊರಿಗೆಲ್ಲಾ ಗೊತ್ತದ.

ನೀವರೇ ನಂಬ್ತೀರೇನು?

ಚಂದಮ್ಮ


ಗಾಜಿಪುರ, ಕಲಬುರಗಿ
13 ಜನವರಿ 2024

ಚಂದಮ್ಮ,

ನಂಬ್ತೀನಿ.

ತಾರಿಖ್ ಕೆಳಗ ನಿಂತಾನ, ಅವಸರದಾಗ ಬರೀತೀನಿ. ಆ ಫೋನ್ ಮಾಡಿಸಿದ್ದು ನಾನು. ಅವರು ಆಕಿನ್ನ ಗ್ವಾಡಿಯಿಂದ ದೂರ ಎಳದದ್ದು ಅದಕ್ಕೇ. ಅದರ ಮಾತು ಆಮ್ಯಾಲ ಎದುರಾಬದುರು ಕುಂತು ಆಡೋಣ, ಈಗ ಹೊತ್ತಿಲ್ಲ.

ಸನೋಬರ್ ಈಗ ಹಿರಿಯರ ಸಹಾಯವಾಣಿ 14567ಕ್ಕ ಫೋನ್ ಮಾಡಿದ್ಲು. ನಾನು ಬಾಜೂ ಕುಂತು ಆಕಿ ತುಟಿ ನೋಡ್ತಿದ್ದೆ. ಅವರು ನಗಲಿಲ್ಲ, ಹೇಳಿದವರಿಗೆ ವಯಸ್ಸೆಷ್ಟು ಅಂತನೂ ಕೇಳಲಿಲ್ಲ. ಮುದುಕಿಗೆ ಎಚ್ಚರ ಅದ ಏನು, ನೀರು ಕುಡೀತಾಳೇನು, ಕಾಲು ಕಟ್ಟಿದ್ದು ಖಾತ್ರಿ ಏನು, ಮನಿ ಎಲ್ಲಿ ಬರ್ತದ, ಇಷ್ಟು ಕೇಳಿದ್ರು. ಸಂಕ್ರಾಂತಿ ಹಬ್ಬ ಮುಗಿದ ಕೂಡಲೇ ಇಲಾಖೆಯವರು ಪೊಲೀಸರ ಜೋಡಿ ಬರ್ತಾರಂತ. ನಡುವೆ ಆಕಿ ದನಿ ಕ್ಷೀಣ ಆದ್ರ, ಉತ್ತರ ಕೊಡದಿದ್ರ, ಯಾರ ದಾರಿನೂ ನೋಡದೇ 112ಕ್ಕ ಹಚ್ಚು. ಮಂದಿ ಏನಂತಾರ ಅಂತ ಹಿಂದ ಮುಂದ ನೋಡಬ್ಯಾಡ.

ಒಬ್ಬಾಕೆ ಹೋಗಿ ಜಗಳ ಮಾಡಬ್ಯಾಡ. ಅವರಿಗೆ ಸುಳಿವು ಸಿಕ್ಕರ ಮುದುಕಿನ್ನ ಬ್ಯಾರೆ ಕಡಿ ಸಾಗಿಸಬಹುದು ಅಂತ ಅವರೇ ಹೇಳಿದ್ರು. ನೀನು ದಿನಾ ಓದು, ಅಷ್ಟೇ ಸಾಕು. ಆಕಿ ಹೂಂ ಅಂತಾಳೋ ಇಲ್ಲೋ ನೋಡು.

ಅಂಬಿಕಾನ ಮದುವಿ ಬಗ್ಗೆ ಕೇಳಿದಿ. ಅಜ್ಜಿನ್ನ ಜೀವಂತ ಇರೋವಾಗ ಮಾಲಿ ಹಾಕಿ ನಡಿಸಿದ ಮಾತುಕತಿ ಅದು. ಆ ಹುಡುಗಿಗೂ ಅದು ಒಳ್ಳೇದಲ್ಲ.

ಖುರ್ಷೀದ್


ಕಮಲಾಪುರ
19 ಜನವರಿ 2024

ಆಪಾ,

ನಿನ್ನೆ ಬಂದಿದ್ರು. ತಬಸ್ಸುಮ್ ಅಂತ ಇಲಾಖೆಯ ಹೆಣ್ಮಗಳು, ಇಬ್ಬರು ಪೊಲೀಸರು, ದವಾಖಾನಿ ಗಾಡಿ. ಶಿವಲಿಂಗ ಅಂಗಡಿಯಿಂದ ಓಡಿ ಬಂದ. "ನಮ್ಮವ್ವ ಸೊಲ್ಲಾಪುರದಾಗ ಅದಾಳ್ರಿ. ಈ ಸಿಸ್ಟರಿಗೆ ತಲಿ ಸರಿ ಇಲ್ಲ, ಬೇಕಾದ್ರ ಅವರ ಕಡಿಯವರನ್ನೇ ಕೇಳ್ರಿ" ಅಂದ.

ತಬಸ್ಸುಮ್ ಸಿಟ್ಟು ಮಾಡಲಿಲ್ಲ. "ಆಗಲಿ, ಅವ್ವಗ ಫೋನ್ ಹಚ್ರಿ, ಒಂದು ಮಾತಾಡ್ತೀನಿ" ಅಂದ್ಲು. ಅವ ಫೋನ್ ತಗದು ಕಿವಿಗೆ ಇಟಗೊಂಡ. ನಾವೆಲ್ಲಾ ನಿಂತಿದ್ವಿ. ಅವ ಯಾರಿಗೂ ಹಚ್ಚಿರಲಿಲ್ಲ ಆಪಾ. ಸುಮ್ಮನ ಕಿವಿಗೆ ಇಟಗೊಂಡು, ಆ ಕಡಿಂದ ಯಾರೋ ಮಾತಾಡ್ತಾರೇನೋ ಅನ್ನೋಹಂಗ ನೆಲ ನೋಡ್ಕೋತ ನಿಂತಿದ್ದ. ಎಷ್ಟೋ ಹೊತ್ತು. ಆಗ ಮಲ್ಲಿಕಾ ಒಳಗಿಂದ ಬಂದು, ಸೊಂಟದಾಗಿನ ಕೀಲಿಕೈ ತಗದು ತಬಸ್ಸುಮ್ ಕೈಯಾಗ ಇಟ್ಲು.

ಗೊಬ್ಬರದ ಚೀಲದ ಹಿಂದ ಬಾಗಲಾ ಇತ್ತು. ಬೆಳಕಿಂಡಿಗೆ ಗೋಣಿ ತಟ್ಟು ಬಡದಿದ್ರು. ಟಾರ್ಚ್ ಹಾಕಿದಾಗ ಮೊದಲು ಕಂಡದ್ದು ಬಿಳಿ ಕೂದಲಾ. ಹೊರಸಿನ ಮ್ಯಾಲ ಒಂದು ಹಿಡಿ ಆಗಿದ್ಲು. ಕಾಲು ಹೊರಸಿಗೆ ಕಟ್ಟಿತ್ತು, ಹಳೇ ಸೀರಿ ಪಟ್ಟಿಲೆ. ಕೊರೀಬಾರದು ಅಂತ ಪಟ್ಟಿ ಒಳಗ ಹತ್ತಿ ಅರಳಿ ಇಟ್ಟು ಸುತ್ತಿದ್ರು. ದಿನಾ ಬದಲಸ್ತಿರಬೇಕು, ಅರಳಿ ಹೊಸದಿತ್ತು. ಅದನ್ನ ನೋಡಿ ನನಗ ಹುಣ್ಣು ನೋಡಿದ್ದಕ್ಕಿಂತ ಜಾಸ್ತಿ ಸಂಕಟ ಆತು.

ಇಷ್ಟು ಮಂದಿ ನೋಡಿ ಬಂಡೆಮ್ಮ ಕಣ್ಣಿಗೆ ಕೈ ಅಡ್ಡ ಹಿಡದು ಕೇಳಿದ್ಲು, "ಯಾರು ತೀರಿಕೊಂಡಾರ್ರಿ? ಎಲ್ಲಾರೂ ಬಂದೀರಲ್ಲ."

ಗಾಡಿ ಹೋದ ಮ್ಯಾಲ ಪೊಲೀಸರು ಶಿವಲಿಂಗನ್ನ ಠಾಣಾಕ್ಕ ಕರಕೊಂಡು ಹೋದ್ರು. ಮಲ್ಲಿಕಾ ನನ್ನ ಕಟ್ಟಿ ಮ್ಯಾಲ ಬಂದು ಕುಂತಳು. ಅಳಲಿಲ್ಲ. "ಅತ್ತಿಗೆ ಮರವು ಬಂದಿತ್ರಿ. ಒಂದಿನ ಜಳಕದಿಂದ ಎದ್ದು ಹಾಂಗೇ ಅಂಗಡಿ ಮುಂದ ಹೋಗಿ ನಿಂತ್ರು, ಮೈಮ್ಯಾಲ ಅರವಿ ಇಲ್ಲದೇ. ಹುಡುಗರು ಫೋನಿನಾಗ ತಗದು ಊರಿಗೆಲ್ಲಾ ಹಂಚಿದ್ರು. ಆವತ್ತು ನಮ್ಮ ಮನಿಯವರು 'ಇನ್ನ ಅವ್ವ ಊರಾಗಿಲ್ಲ' ಅಂದ್ರು. ಮೊದಲು ನಾಕು ದಿನ ಅಂತ ಕೀಲಿ ಹಾಕಿದ್ದು. ಆಮ್ಯಾಲ ತಗಿಯಾಕ ಆಗಲೇ ಇಲ್ಲ. ತಗದ್ರ ಎಲ್ಲಿದ್ರು ಅಂತ ಮಂದಿಗೆ ಏನು ಹೇಳೋದು?"

ಆಕಿ ನನ್ನ ಕಡಿ ತಿರುಗಿ ಅಂದ್ಲು, "ನಿಮಗ ಮನಿ ಕೊಡಾಕ ಅವರಿಗೆ ಮನಸ್ಸಿರಲಿಲ್ಲ. ನಾನೇ ಹಟ ಮಾಡ್ದೆ. ಸಿಸ್ಟರ್ ಅದಾರ, ಬಂದ ವಾರದಾಗ ತಿಳ್ಕೊಂತಾರ ಅಂತ. ಮುಲಾಮು ಕೇಳ್ದೆ. ಮಾಲಿ ತಗದು, ಬೊಟ್ಟು ಒರಸಿ, ಫೋಟೋ ನಿಮಗ ಕಾಣೋಹಂಗ ಬಿಟ್ಟೆ. ನೀವು ಹೆಗ್ಗಣದ ಬೋನು ತರಿಸಿದ್ರಿ. ಎಷ್ಟು ದಿನ ಹಿಡೀತ್ರಿ ನಿಮಗ."

"ನೀನೇ ಹೇಳಬಹುದಿತ್ತಲ್ಲ ಮಲ್ಲಿಕಾ" ಅಂದೆ.

"ಹೇಳಾಕ ಆಗಿದ್ರ ಕಟ್ತಿದ್ದೆನೇನ್ರಿ" ಅಂದ್ಲು. ಎದ್ದು ಹೋಗಿ ಆ ಕೋಲಿ ತೊಳದ್ಲು. ಸಂಜಿ ತನಕ ನೀರಿನ ಸಪ್ಪಳ ಕೇಳ್ತಿತ್ತು.

ಬಂಡೆಮ್ಮನ್ನ ನಿಮ್ಮ ಊರಿನ ಸರ್ಕಾರಿ ದವಾಖಾನಿಗೆ ತಂದಾರ. ನಾ ಹೇಳಿಕಿ ಕೊಡಾಕ ಇಲ್ಲೇ ಇರಬೇಕು. ನಿಮಗ ಮೆಟ್ಟಲು ಇಳಿಯೋದು ಕಷ್ಟ, ಗೊತ್ತದ. ಆದ್ರೂ ಒಂದು ಸಲ ನೋಡಿ ಬರ್ರಿ.

ಚಂದಮ್ಮ


ಗಾಜಿಪುರ, ಕಲಬುರಗಿ
10 ಫೆಬ್ರುವರಿ 2024

ಚಂದಮ್ಮ,

ಕುಂತು ಕುಂತು ಮೆಟ್ಟಲು ಇಳದೆ. ಸನೋಬರ್ ಆಟೋ ತಂದಿದ್ಲು. ಈಗ ವಾರಕ್ಕ ಎರಡು ಸಲ ಹೋಗಾಕತ್ತೀನಿ.

ನೀನು ಕೇಳಿದ್ದಕ್ಕ ಉತ್ತರ ಮೊದಲು. ಹುಣ್ಣು ಒಣಗಾಕತ್ತಾವ. ಕಾಲು ಇನ್ನ ನೆಟ್ಟಗಾಗೂದಿಲ್ಲ ಅಂತಾರ ಡಾಕ್ಟರ್. ಇಲ್ಲಿಂದ ಬಿಟ್ಟ ಮ್ಯಾಲ ಇದೇ ಊರಿನ ಒಂದು ವೃದ್ಧಾಶ್ರಮದಾಗ ಇಡ್ತಾರ, ಖರ್ಚು ಶಿವಲಿಂಗ ಕೊಡಬೇಕು ಅಂತ ಉಪವಿಭಾಗದ ಸಾಹೇಬರ ಮುಂದ ವಿಚಾರಣಿ ನಡದದ. ಪೊಲೀಸ್ ಕೇಸ್ ಬ್ಯಾರೆ. ಅವ ಒಂದು ಸಲನೂ ವಾರ್ಡಿಗೆ ಬಂದಿಲ್ಲ. ಅಂಬಿಕಾ ಬರ್ತಾಳ. ಹುಮನಾಬಾದದವರು ಸಂಬಂಧ ಬ್ಯಾಡ ಅಂದ್ರಂತ, ಅದನ್ನ ಆಕಿ ನನಗ ಹಾಳಿ ಮ್ಯಾಲ ಬರದು ತೋರಿಸಿದ್ಲು. ಕೆಳಗ "ನನಗೂ ಗೊತ್ತಿತ್ತು ಆಂಟಿ" ಅಂತ ಬರದಿದ್ಲು. ಅಜ್ಜಿ ತಲಿ ಬಾಚು ಅಂತ ಬಾಚಣಿಗಿ ಕೊಟ್ಟೆ. ಯಾರೋ ಹೊಸಾ ಹುಡುಗಿ ಅಂತ ತಿಳಕೊಂಡು ಬಂಡೆಮ್ಮ ತಲಿ ಕೊಟ್ಟು ಕುಂತಳು.

ಒಂದು ಸಂಗತಿ ನಿನಗ ಹೇಳಲೋ ಬ್ಯಾಡೋ ಅಂತ ಎರಡು ವಾರ ತಡದೆ. ಹೇಳ್ತೀನಿ.

ಮೊದಲ ದಿನ ನಾನು ಮಂಚದ ಹತ್ರ ಹೋದಾಗ ಬಂಡೆಮ್ಮ ಗಪ್ಪನ ತನ್ನ ಸೆರಗು ಮುದ್ದಿ ಮಾಡಿ ಬಾಯೊಳಗ ತುಂಬಿಕೊಂಡಳು. ಕಣ್ಣು ನೆಟ್ಟಗ ಮ್ಯಾಲ. ಉಸುರು ಕಟ್ಟಿ ಸಾಯ್ತಾಳ ಅಂತ ಹೆದರಿ ನರ್ಸನ್ನ ಕರದೆ. ನರ್ಸ್ ಬಂದ್ರ ಇನ್ನೂ ಒಳಗ ತುರುಕಿದಳು. ನನಗ ಏನೂ ತಿಳೀಲಿಲ್ಲ. ಸನೋಬರ್ ತಿಳಕೊಂಡಳು. "ಅಮ್ಮೀ, ನಿಮ್ಮ ಕೈಯಾಗಿನ ಬಳಿ ಸಪ್ಪಳ" ಅಂತ ತುಟಿ ಅಲ್ಲಾಡಿಸಿ ತೋರಿಸಿದಳು. ನನ್ನ ಕೈಯಾಗ ಕಾಜಿನ ಬಳಿ, ನರ್ಸ್ ಕೈಯಾಗೂ ಬಳಿ. ಅವು ಸಪ್ಪಳ ಮಾಡ್ತಾವ ಅನ್ನೋದೇ ನಾನು ಮರತು ಎಷ್ಟೋ ವರ್ಷ ಆತು.

ಆಮ್ಯಾಲ ಅಂಬಿಕಾಗ ಕೇಳಿದಾಗ ಬರದು ಕೊಟ್ಟಳು. ಮನಿಗೆ ಮಂದಿ ಬಂದ್ರ ಮಲ್ಲಿಕಾ ಮೊದಲು ಆ ಕೋಲಿಗೆ ಹೋಗಿ ಅತ್ತಿ ಬಾಯಿಗೆ ಅರವಿ ಕೊಟ್ಟು ಬರ್ತಿದ್ದಳಂತ. ದಿನಾ ದಿನಾ ಆಗಿ, ಬಳಿ ಸಪ್ಪಳ ಕೇಳಿದ ಕೂಡಲೇ ಮುದುಕಿ ತಾನೇ ತುಂಬಿಕೊಳ್ಳಾಕ ಕಲತಳಂತ. ಗಂಡಿನವರು ಬಂದ ದಿನ ನೀನು ಅಲ್ಲೇ ಭಜಿ ಕರೀತಿದ್ದಿ ಚಂದಮ್ಮ. ಒಂದು ಉಸುರೂ ಇಲ್ಲ ಅಂತ ಬರದಿದ್ದಿ.

ಈಗ ನಾನು ವಾರ್ಡಿನ ಬಾಗಲಾದಾಗೇ ಬಳಿ ತಗದು ಪರ್ಸಿನಾಗ ಇಡ್ತೀನಿ. ನರ್ಸ್ ಹುಡುಗ್ಯಾರಿಗೂ ಹೇಳೀನಿ, ಪಾಪ ಅವರೂ ಬಿಚ್ಚಿಟ್ಟು ಬರ್ತಾರ. ಬರಿಗೈಲೆ ಸ್ಟೂಲ್ ಮ್ಯಾಲ ಕೂಡ್ತೀನಿ. ಮೊದಲು ಕೆಲವು ದಿನ ಆಕಿ ಸೆರಗು ಬಿಗಿಯಾಗಿ ಹಿಡಕೊಂಡೇ ಇದ್ದಳು. ನಾನು ಏನೂ ಮಾಡಲಿಲ್ಲ, ಎತ್ತಲಿಲ್ಲ, ಬಿಡಿಸಲಿಲ್ಲ. ಕುಂತೆ.

ನಿನ್ನೆ ಮಧ್ಯಾಹ್ನ ಬಿಸಲು ಮಂಚದ ತನಕ ಬಂದಿತ್ತು. ಬಂಡೆಮ್ಮ ನನ್ನ ಖಾಲಿ ಕೈ ಎಷ್ಟೋ ಹೊತ್ತು ನೋಡಿದಳು. ಆಮ್ಯಾಲ ಬಾಯಿಂದ ಸೆರಗು ಸ್ವಲ್ಪ ಸ್ವಲ್ಪ ಎಳದು, ಮಡಿಲಿಗೆ ಹಾಕ್ಕೊಂಡು, ತುಟಿ ಅಲ್ಲಾಡಿಸಿದಳು. ಸನೋಬರ್ ಇರಲಿಲ್ಲ ಬಾಜೂಕ. ನಾನು ತಿಳಿಯಲಿಲ್ಲ ಅಂತ ಕೈ ಮಾಡಿದೆ. ಆಕಿ ಮತ್ತ ಅಂದಳು, ನಿಧಾನಕ್ಕ, ಸಣ್ಣ ಮಕ್ಕಳಿಗೆ ಹೇಳಿದಂಗ. ಈ ಸಲ ತಿಳೀತು.

"ಊಟ ಆತೇನವ್ವಾ?" ಅಂತ ಕೇಳಿದ್ದಳು.

ಖುರ್ಷೀದ್